ಗೆಕ್ಕೊ ಟ್ಯಾಂಕಿನ ಗುಂಗುರಿಗೆ ಬಿಟಿಐ ಪುಡಿ: 14 ತಿಂಗಳು ಬಳಸಿದ ಮೇಲೆ

ಹೋದ ವರ್ಷ ಜೂನ್‌ನಲ್ಲಿ ಕಾಫಿ ಲೋಟಕ್ಕೆ ತಟ್ಟೆ ಮುಚ್ಚದೆ ಇಡುವಂತಿರಲಿಲ್ಲ. ಫೋನ್ ನೋಡಿ ತಿರುಗುವಷ್ಟರಲ್ಲಿ ನೊರೆಯ ಮೇಲೆ ಎರಡು ಕಪ್ಪು ಚುಕ್ಕಿ ಬಿದ್ದಿರುತ್ತಿದ್ದವು: ಗುಂಗುರು, ತೇವದ ಮಣ್ಣಿನಲ್ಲಿ ಹುಟ್ಟುವ ಪುಟ್ಟ ನೊಣ. ಅಮ್ಮನದು ಒಂದೇ ಮಾತು: “ದುಡ್ಡು ಕೊಟ್ಟು ಹಲ್ಲಿ ತಂದ್ಯಲ್ಲ, ಅನುಭವಿಸು.”

ಹಲ್ಲಿಯ ಹೆಸರು ಬೆಲ್ಲ. ಕ್ರೆಸ್ಟೆಡ್ ಗೆಕ್ಕೊ, ಮೂಲ ಊರು ನ್ಯೂ ಕ್ಯಾಲೆಡೋನಿಯಾ. 1994ರಲ್ಲಿ ಮತ್ತೆ ಕಣ್ಣಿಗೆ ಬೀಳುವವರೆಗೂ ಅಳಿದೇ ಹೋಗಿದೆ ಎಂದುಕೊಂಡಿದ್ದ ಜಾತಿ ಇದು. 28 ಡಿಗ್ರಿ ದಾಟಿದರೆ ಇದಕ್ಕೆ ಆಗುವುದಿಲ್ಲ, ಹಾಗಾಗಿ ಮಾರ್ಚ್-ಏಪ್ರಿಲ್ ಬಿಟ್ಟರೆ ಚಿಕ್ಕಮಗಳೂರಿನ ಹವೆ ಹೇಳಿ ಮಾಡಿಸಿದಂತಿದೆ. ಆದರೆ ಬೆಲ್ಲನಿಗೆ ಹಿತವಾದ ತೇವ ಗುಂಗುರಿಗೂ ಹಿತ. ಟ್ಯಾಂಕಿನ ತಳದಲ್ಲಿ ಕೊಕೊಪೀಟ್, ಅದರ ಜೊತೆ ಮಾವನ ತೋಟದ ಕೊಳೆತ ಗೊಬ್ಬರ, ಮೇಲೆ ಸಿಲ್ವರ್ ಓಕ್ ತರಗೆಲೆ, ಮೂಲೆಯಲ್ಲಿ ಒಂದು ಮನಿಪ್ಲಾಂಟ್. ಮೊಟ್ಟೆಗಳು ಬಹುಶಃ ಆ ಗೊಬ್ಬರದಲ್ಲೇ ಬಂದಿರಬೇಕು. ಬಿಸಿನೀರು ಹೊಯ್ದು ಒಣಗಿಸಿ ಹಾಕು ಎಂದು ಹೇಳಿದವರಿದ್ದರು, ನಾನು ಮಾಡಲಿಲ್ಲ.

ಪುಡಿಗೆ ಮೊದಲು ಮಾಡಿದ ಒಂದು ತಪ್ಪು ಇಲ್ಲಿ ಹೇಳಲೇಬೇಕು. ಮೆಣಸಿನ ಗಿಡಕ್ಕೆ ನೇತುಹಾಕುವ ಹಳದಿ ಅಂಟು ಬಲೆಯ ಒಂದು ತುಂಡನ್ನು ಟ್ಯಾಂಕಿನ ಒಳಗೇ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಬಲೆಯ ಮೇಲೆ ಮೂವತ್ತು ನಲವತ್ತು ನೊಣ, ನಡುವೆ ಬೆಲ್ಲನ ಬಾಲ. ಬಾಲ ಮಾತ್ರ. ಬೆಲ್ಲ ಮೇಲಿನ ಕೊಂಬೆಯಲ್ಲಿ ಕೂತಿತ್ತು, ಹಿಂಗಾಲಿನ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಮ್ಮನೇ ಕೊಬ್ಬರಿ ಎಣ್ಣೆ ತಂದು, ಹತ್ತಿಯಲ್ಲಿ ಅದ್ದಿ ಅದ್ದಿ ಅಂಟು ಬಿಡಿಸಿದಳು. ಅಷ್ಟು ಹೊತ್ತೂ ನನ್ನನ್ನು ಬೈದಳೇ ಹೊರತು ಹಲ್ಲಿಯನ್ನಲ್ಲ. ನಮ್ಮ ಗೋಡೆಯ ಹಲ್ಲಿಗಾದರೆ ಬಾಲ ಮತ್ತೆ ಬೆಳೆಯುತ್ತದೆ, ಕ್ರೆಸ್ಟೆಡ್ ಗೆಕ್ಕೊಗೆ ಬೆಳೆಯುವುದಿಲ್ಲ. ಈಗ ಬಲೆ ಟ್ಯಾಂಕಿನ ಹೊರಗೆ ಕಿಟಕಿ ಹತ್ತಿರ ಇದೆ, ಅದೂ ನೊಣ ಎಣಿಸುವುದಕ್ಕೆ.

ಹಾರುವ ನೊಣ ಕೊಂದು ಪ್ರಯೋಜನವೂ ಇಲ್ಲ. ಅದರ ಆಯಸ್ಸು ಒಂದು ವಾರದ ಆಸುಪಾಸು, ಅಷ್ಟರಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು ಹೋಗಿರುತ್ತದೆ. ಕೆಲಸ ಇರುವುದು ಮಣ್ಣಿನೊಳಗಿನ ಮರಿಹುಳದಲ್ಲಿ. ಒಂದು ಹಸಿ ಆಲೂಗಡ್ಡೆ ಬಿಲ್ಲೆ ಮಣ್ಣಿನ ಮೇಲೆ ಇಟ್ಟು ಎರಡು ದಿನ ಬಿಟ್ಟು ಮಗುಚಿ ನೋಡಿ: ದಾರದ ಎಳೆಯಂಥ ಪಾರದರ್ಶಕ ಮೈ, ತುದಿಯಲ್ಲಿ ಮಿರುಗುವ ಕರಿತಲೆ. ನನ್ನ ಬಿಲ್ಲೆಯ ಕೆಳಗೆ ಎಣಿಸುವುದನ್ನೇ ಬಿಟ್ಟೆ.

‘ಬಿಟಿ ಹಾಕು’ ಎಂದು ಕೆಲವರು ಹೇಳಿದರು. ಬಿಟಿ ಎಂದರೆ ಹುಳು ಸಾಯಿಸುವ ಒಂದು ಬ್ಯಾಕ್ಟೀರಿಯಾದ ಪುಡಿ. ಪೇಟೆಯ ಗಿಡದ ಔಷಧಿ ಅಂಗಡಿಯಲ್ಲಿ ಬಿಟಿ ಕೇಳಿದೆ, ಕೊಟ್ಟರು. ಮೂರು ವಾರ ಹಾಕಿದರೂ ಒಂದು ನೊಣವೂ ಕಡಿಮೆಯಾಗಲಿಲ್ಲ. ಆಮೇಲೆ ಡಬ್ಬಿ ತಿರುಗಿಸಿ ಓದಿದರೆ ‘ಕರ್ಸ್ಟಾಕಿ’ ಎಂದಿತ್ತು. ಅದು ಎಲೆ ತಿನ್ನುವ ಕಂಬಳಿಹುಳು ಜಾತಿಗೆ. ನಮಗೆ ಬೇಕಾದ್ದು ‘ಇಸ್ರೇಲೆನ್ಸಿಸ್’, ಅಂದರೆ ಬಿಟಿಐ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಸೊಳ್ಳೆ ಮರಿ ಸಾಯಿಸಲು ನಿಂತ ನೀರಿಗೆ ಹಾಕುವುದು ಇದನ್ನೇ. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. ಮರಿಹುಳು ತಿಂದಾಗ ಅದರ ಕ್ಷಾರೀಯ ಕರುಳಿನಲ್ಲಿ ಇದರ ಹರಳು ಕರಗಿ ವಿಷವಾಗುತ್ತದೆ. ಹಲ್ಲಿಗೆ ಏನೂ ಆಗುವುದಿಲ್ಲ. ಟ್ಯಾಂಕಿನ ಕಸ ತಿನ್ನಲು ಬಿಟ್ಟಿರುವ ಸ್ಪ್ರಿಂಗ್‌ಟೇಲ್, ಐಸೊಪಾಡ್ ಎಂಬ ಪುಟ್ಟ ಜೀವಿಗಳಿಗೂ ಏನೂ ಆಗಲಿಲ್ಲ. ಬೇವಿನ ಎಣ್ಣೆ ಸಿಂಪಡಿಸಲು ನನಗೆ ಧೈರ್ಯ ಬರದಿದ್ದದ್ದು ಇವುಗಳ ಕಾರಣಕ್ಕೇ.

ನನ್ನ ಡಬ್ಬಿಯ ಅಳತೆ ಲೀಟರಿಗೆ 2 ಗ್ರಾಂ. ನಿಮ್ಮದರಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ. ಊಟದ ಬಟ್ಟಲು ಹೊರಗೆ ತೆಗೆದು, ಸ್ಪ್ರೇ ಬಾಟಲಿಯಿಂದ ಮಣ್ಣು ಒಂದಿಂಚು ನೆನೆಯುವಷ್ಟು ಹೊಡೆಯುತ್ತೇನೆ. ಕಲಸಿದ್ದು ಅವತ್ತೇ ಮುಗಿಯಬೇಕು. ಹುಳಿ ಬಂದ ದೋಸೆಹಿಟ್ಟಿನಂಥ ವಾಸನೆ ಅರ್ಧ ದಿನ ಇರುತ್ತದೆ.

ಮೊದಲ ವಾರ ಏನೂ ಬದಲಾಗಲಿಲ್ಲ, ದುಡ್ಡು ಹಾಳಾಯಿತು ಎಂದುಕೊಂಡೆ. ಮೊಟ್ಟೆಗೂ ಕೋಶಕ್ಕೂ ಹಾರುವ ನೊಣಕ್ಕೂ ಇದು ತಾಗುವುದಿಲ್ಲ, ಇದ್ದವೆಲ್ಲ ಹಾರಿ ಮುಗಿಯಲೇಬೇಕು. ವಾರಕ್ಕೊಮ್ಮೆಯಂತೆ ಐದು ಸಲ ಹಾಕಿದೆ. ಎರಡನೇ ವಾರ ಬಲೆಯ ಮೇಲೆ 58 ನೊಣ ಇದ್ದದ್ದು ಐದನೇ ವಾರಕ್ಕೆ 4ಕ್ಕೆ ಇಳಿಯಿತು. ಮೂರನೇ ವಾರದಲ್ಲೇ ಬಿಟ್ಟುಬಿಟ್ಟವರು ‘ಕೆಲಸ ಮಾಡಲ್ಲ’ ಎಂದು ಬರೆದಿರುವುದನ್ನು ನೋಡಿದ್ದೇನೆ. ಅವರ ಮೇಲೆ ಸಿಟ್ಟಿಲ್ಲ, ನಾನೂ ಅಲ್ಲಿಗೆ ಬಂದಿದ್ದೆ.

ಆದರೂ ಒಂದು ಸ್ಟಾರ್ ಕಡಿಮೆ ಕೊಡುತ್ತಿದ್ದೇನೆ. ಡಬ್ಬಿಯ ಮುಚ್ಚಳ ಸರಿಯಿಲ್ಲ. ಆಗಸ್ಟ್‌ನ ಜಡಿಮಳೆಗೆ ಪುಡಿ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಯಿತು. ಎರಡನೇ ಡಬ್ಬಿಯನ್ನು ಬಂದ ದಿನವೇ ಅಮ್ಮನ ಹಾರ್ಲಿಕ್ಸ್ ಬಾಟಲಿಗೆ ಸುರಿದು, ಮೇಲೆ ದೊಡ್ಡ ಅಕ್ಷರದಲ್ಲಿ ‘ಕುಡಿಯಬೇಡಿ’ ಎಂದು ಬರೆದಿಟ್ಟೆ.

ನೀರಿನ ಕೈ ಬಿಗಿ ಮಾಡದಿದ್ದರೆ ಪುಡಿಯೊಂದೇ ಸಾಲದು. ಮಳೆಗಾಲದಲ್ಲೂ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದೆ, ಹೊರಗೇ ಗೋಡೆ ಬೆವರುವಾಗ! ಈಗ ರಾತ್ರಿ ಒಂದೇ ಸಲ, ಮಣ್ಣಿನ ಮೇಲ್ಪದರ ಹಗಲಿಗೆ ಒಣಗುವ ಹಾಗೆ. ಹಳೇ ಕಂಪ್ಯೂಟರಿನ ಫ್ಯಾನ್ ಒಂದನ್ನು ಮುಚ್ಚಳದ ಜಾಲರಿಗೆ ಕಟ್ಟಿದ್ದೇನೆ, ಕರೆಂಟ್ ಇದ್ದಾಗ ತಿರುಗುತ್ತದೆ. ಬೆಲ್ಲನಿಗೆ ಊಟಕ್ಕೆ ಕೊಡುವ ಹಣ್ಣಿನ ಪೇಸ್ಟ್ ಉಳಿದರೆ ಬೆಳಿಗ್ಗೆಯೇ ತೆಗೆಯುತ್ತೇನೆ. ಅಲ್ಲಿ ಮುತ್ತುವ ಕೆಂಗಣ್ಣಿನ ನೊಣ ಬೇರೆ, ಹಣ್ಣುನೊಣ. ಬಿಟಿಐಯಿಂದ ಅದು ಹೋಗಲಿಲ್ಲ. ವಿನೆಗರ್ ಲೋಟ ಹೊರಗಿಟ್ಟರೆ ಬಂದು ಬೀಳುತ್ತದೆ.

ಈ ವರ್ಷ ಮೇ ಕೊನೆಗೇ, ಮುಂಗಾರಿಗೆ ಮೊದಲು, ಎರಡು ಸಲ ಹಾಕಿದೆ. ಆಮೇಲೆ ತಿಂಗಳಿಗೊಮ್ಮೆ. ಈಗ ಸೆಪ್ಟೆಂಬರ್, ಈ ವಾರ ಬಲೆಯ ಮೇಲೆ ಮೂರು ನೊಣ. ಕಾಫಿ ಲೋಟಕ್ಕೆ ತಟ್ಟೆ ಮುಚ್ಚುವ ಅಭ್ಯಾಸ ಮಾತ್ರ ಅಮ್ಮ ಬಿಟ್ಟಿಲ್ಲ.