ಸ್ಯಾನ್ ಡಿಯೇಗೊದಲ್ಲಿ ಶಾಪಿಂಗ್: ಗಡಿಯ ಔಟ್‌ಲೆಟ್ಟೋ, ಊರೊಳಗಿನ ಮಾಲೋ?

ಅಪ್ಪ-ಅಮ್ಮ ಬೆಂಗಳೂರಿಗೆ ವಾಪಸ್ ಹೊರಡುವ ವಾರ ಇಲ್ಲಿ ಎಲ್ಲರ ಮನೆಯಲ್ಲೂ ಒಂದೇ ಮಾತು: ನೆಂಟರಿಷ್ಟರಿಗೆ ಕೊಡೋಕೆ ಏನಾದ್ರೂ ತಗೋಬೇಕಲ್ಲ, ಎಲ್ಲಿಗೆ ಹೋಗೋಣ? ಮೆಕ್ಸಿಕೊ ಗಡಿಗೆ ಅಂಟಿಕೊಂಡಿರುವ ಲಾಸ್ ಅಮೆರಿಕಾಸ್ ಔಟ್‌ಲೆಟ್ (ಬ್ರ್ಯಾಂಡ್‌ಗಳು ಅಗ್ಗವಾಗಿ ಮಾರುವ ಅಂಗಡಿಗಳ ಸಾಲು), ಮಿಷನ್ ವ್ಯಾಲಿಯ ಫ್ಯಾಶನ್ ವ್ಯಾಲಿ ಮಾಲ್, ಲಾ ಹೋಯಾ ಕಡೆಯ ಯುಟಿಸಿ ಮಾಲ್, ಮೂರನ್ನೂ ಸುತ್ತಿದ್ದೇನೆ. ಸೂಟ್‌ಕೇಸ್ ತುಂಬಿಸುವುದಕ್ಕಾದರೆ ನನ್ನ ಓಟು ಗಡಿಗೇ.

ಕಾರಿನಲ್ಲಿ ಹೋಗುವವರು ಐ-5 ಹೆದ್ದಾರಿಯಲ್ಲಿ 'ಅಮೆರಿಕದ ಕೊನೆಯ ಎಕ್ಸಿಟ್' ಅನ್ನುವ ಬೋರ್ಡಿನ ಮೇಲೆ ಕಣ್ಣಿಡಬೇಕು. ಅದು ತಪ್ಪಿದರೆ ಮುಂದೆ ಸಿಗುವುದು ಮೆಕ್ಸಿಕೊದ ತಿಹುವಾನಾ ನಗರ. ವಾಪಸ್ ಬರುವ ಕ್ಯೂನಲ್ಲಿ ಗಂಟೆಗಟ್ಟಲೆ ಕೂರಬೇಕು, ವೀಸಾದ ಮೇಲಿರುವವರ ಪಾಸ್‌ಪೋರ್ಟ್ ಮನೆಯಲ್ಲಿದ್ದರಂತೂ ಕೇಳಲೇಬೇಡಿ. ಟ್ರಾಲಿಯೇ, ಅಂದರೆ ಇಲ್ಲಿನ ಸಿಟಿ ರೈಲೇ, ನಿಶ್ಚಿಂತೆ. ಅದರ ಬ್ಲೂ ಲೈನ್ ಗಡಿಯ ಪಕ್ಕದ ಸ್ಯಾನ್ ಇಸಿಡ್ರೊದಲ್ಲಿ ಇಳಿಸುತ್ತದೆ, ಅಲ್ಲಿಂದ ನಡೆದೇ ಹೋಗಬಹುದು. ಪಾರ್ಕಿಂಗ್‌ನಲ್ಲಿ ಗಡಿಯಾಚೆಯ ಮೆಕ್ಸಿಕೊ ರಾಜ್ಯ ಬಾಹಾ ಕ್ಯಾಲಿಫೋರ್ನಿಯಾದ ನಂಬರ್ ಪ್ಲೇಟುಗಳು, ಅಂಗಡಿಯೊಳಗೆ ಸ್ಪ್ಯಾನಿಷ್, ಚಕ್ರದ ಸೂಟ್‌ಕೇಸ್ ಎಳೆದುಕೊಂಡೇ ಅಂಗಡಿ ಸುತ್ತುವ ಕುಟುಂಬಗಳು. ಗಡಿಬೇಲಿ ಕಣ್ಣಳತೆಯಲ್ಲೇ.

ಶೂ, ಜೀನ್ಸ್, ಮಕ್ಕಳ ಬಟ್ಟೆ ಇಲ್ಲಿ ನಿಜವಾಗಿಯೂ ಅಗ್ಗ. ಆದರೆ ಔಟ್‌ಲೆಟ್ ಅಂದರೆ ದೊಡ್ಡ ಅಂಗಡಿಯಲ್ಲಿ ಮಿಕ್ಕಿದ್ದು ಅಂದುಕೊಳ್ಳಬೇಡಿ. ಬಹಳಷ್ಟು ಮಾಲು ಔಟ್‌ಲೆಟ್ಟಿಗೆಂದೇ ತಯಾರಾದದ್ದು. ಗ್ಯಾಪ್ ಬ್ರ್ಯಾಂಡಿನ ಔಟ್‌ಲೆಟ್ ಅಂಗಡಿಯಾದ ಗ್ಯಾಪ್ ಫ್ಯಾಕ್ಟರಿಯ ಅಂಗಿಯ ಕಾಲರ್ ಮಗುಚಿ ನೋಡಿ, ಲೇಬಲ್ಲಿನಲ್ಲಿ ಹೆಸರಿನ ಕೆಳಗೆ ಮೂರು ಪುಟ್ಟ ಚೌಕಗಳಿರುತ್ತವೆ. ಹಾಗಾಗಿ ಟ್ಯಾಗಿನಲ್ಲಿ ಹೊಡೆದುಹಾಕಿದ 'ಮೂಲ ಬೆಲೆ'ಯನ್ನು ನಾನು ನೋಡುವುದೇ ಇಲ್ಲ. ಬಟ್ಟೆ ಮುಟ್ಟಿ ನೋಡುತ್ತೇನೆ, ಹೊಲಿಗೆ ಎಳೆದು ನೋಡುತ್ತೇನೆ, ಅಷ್ಟೇ.

ಫ್ಯಾಶನ್ ವ್ಯಾಲಿಯ ಕಥೆ ಬೇರೆ. 1969ರಲ್ಲಿ ಶುರುವಾದ ತೆರೆದ ಮಾಲ್ ಅದು, ನೀಮನ್ ಮಾರ್ಕಸ್, ಬ್ಲೂಮಿಂಗ್‌ಡೇಲ್ಸ್‌ನಂಥ ಘನ ಅಂಗಡಿಗಳ ಠಿಕಾಣಿ. ಮದುವೆಗೊಂದು ಒಳ್ಳೆ ಸೂಟು, ಹತ್ತು ವರ್ಷ ಬಾಳಿಕೆ ಬರುವ ಒಂದು ಬ್ಯಾಗು, ಹೀಗೆ ಒಂದೇ ಒಂದು ವಸ್ತು ಬೇಕಿದ್ದರೆ ಇಲ್ಲಿಗೇ ಬನ್ನಿ. ಟ್ರಾಲಿಯ ಗ್ರೀನ್ ಲೈನ್ ಬಾಗಿಲ ತನಕ ಬರುತ್ತದೆ. ಜೋರು ಮಳೆಯ ದಿನ ಮಾತ್ರ ಬೇಡ, ಪಕ್ಕದ ನದಿ ಉಕ್ಕಿ ಅವೆನಿಡಾ ಡೆಲ್ ರಿಯೊ ರಸ್ತೆ ಮುಚ್ಚಿಬಿಡುತ್ತಾರೆ.

ಯುಟಿಸಿ ಚೆಂದ, ಆದರೆ ಅಲ್ಲಿ ನಾನು ಕೊಂಡದ್ದಕ್ಕಿಂತ ಕುಡಿದ ಕಾಫಿಯೇ ಹೆಚ್ಚು. 2021ರಿಂದ ಬ್ಲೂ ಲೈನಿನ ಉತ್ತರದ ತುದಿ ಇದೇ, ಆದ್ದರಿಂದ ಗಡಿಯ ಔಟ್‌ಲೆಟ್, ಯುಟಿಸಿ ಎರಡನ್ನೂ ಒಂದೇ ಗಾಡಿಯಲ್ಲಿ ಮುಗಿಸಬಹುದು, ಕಾಲಲ್ಲಿ ಶಕ್ತಿ ಇದ್ದರೆ.

ಟ್ಯಾಗಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ ಅಂತ ಅಪ್ಪನಿಗೆ ಪ್ರತಿ ಸಲ ಹೇಳಬೇಕು. ಈ ಮೂರೂ ಸ್ಯಾನ್ ಡಿಯೇಗೊ ನಗರದ ಮಿತಿಯೊಳಗೇ ಇರುವುದರಿಂದ ಶೇ 7.75. ಗಡಿಯ ದಾರಿಯಲ್ಲಿ ಸಿಗುವ ನ್ಯಾಷನಲ್ ಸಿಟಿ, ಚುಲಾ ವಿಸ್ತಾಗಳಲ್ಲಿ ಶೇ 8.75. ನೂರು ಡಾಲರಿಗೆ ಒಂದು ಡಾಲರ್ ಹೆಚ್ಚು, ಅದಕ್ಕಾಗಿ ಯಾರೂ ದಾರಿ ಬದಲಿಸಬೇಕಿಲ್ಲ.

ಔಟ್‌ಲೆಟ್ಟಿಗೆ ವಾರದ ನಡುವೆ ಬೆಳಿಗ್ಗೆ ಹೋಗಿ. ಶನಿವಾರ, ಅದರಲ್ಲೂ ಡಿಸೆಂಬರಿನಲ್ಲಿ, ಬಿಲ್ಲಿಂಗ್ ಕ್ಯೂ ಅಂಗಡಿಯ ಬಾಗಿಲು ದಾಟಿರುತ್ತದೆ. ಶೂ ಡಬ್ಬಗಳನ್ನು ಅಲ್ಲೇ ಬಿಟ್ಟು ಬಂದರೆ ಪೆಟ್ಟಿಗೆಯಲ್ಲಿ ಇನ್ನೆರಡು ಜೀನ್ಸಿಗೆ ಜಾಗ ಆಗುತ್ತದೆ.