ಮೀನಿನ ಪ್ರೊಬಯಾಟಿಕ್ ಪುಡಿ: ಮೊದಲ ಪೊಟ್ಟಣ ಮತ್ತು ಎರಡನೆಯದು

ಹೆಸರಘಟ್ಟದ ಬಳಿ ನಮ್ಮ ತೋಟದಲ್ಲಿ ರೋಹು ಮತ್ತು ಕಾಟ್ಲಾ ಸಾಕಿರುವ ಎರಡು ಹೊಂಡಗಳಿವೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಕೊಂಡ ಪ್ರೊಬಯಾಟಿಕ್ ಪುಡಿಯನ್ನು, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿಗಳ ಪುಡಿಯನ್ನು, ಕಳೆದ ಬೇಸಿಗೆಯಿಂದ ಒಂದು ಹೊಂಡದ ಮೀನುಗಳಿಗೆ ಮಾತ್ರ ಕೊಟ್ಟು ನೋಡಿದ್ದೇನೆ.

ಗೆಂಡೆ ಜಾತಿಯ ಈ ಮೀನುಗಳಿಗೆ ಜಠರವೇ ಇಲ್ಲ. ತಿಂದದ್ದೆಲ್ಲ ಉದ್ದನೆಯ ಕರುಳಿನಲ್ಲೇ ಅರಗಬೇಕು. ಆದ್ದರಿಂದ ಅಲ್ಲಿನ ಸೂಕ್ಷ್ಮಜೀವಿಗಳ ಆರೋಗ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪುಡಿಯಲ್ಲಿರುವುದು ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾಗಳು. ಇವು ಬೀಜಕಗಳ ರೂಪದಲ್ಲಿ ಒಣಗಿಯೂ ಬದುಕಿದ್ದು, ಕರುಳು ಸೇರಿದ ಮೇಲೆ ಮೊಳೆತು, ಪಿಷ್ಟ ಮತ್ತು ಪ್ರೋಟೀನನ್ನು ಒಡೆಯುವ ಕಿಣ್ವಗಳನ್ನು ಸ್ರವಿಸುತ್ತವೆ, ಜೊತೆಗೆ ರೋಗಾಣುಗಳಿಗೆ ಜಾಗ ಸಿಗದಂತೆ ಪೈಪೋಟಿ ಒಡ್ಡುತ್ತವೆ.

ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಕಲಸಿ, ಆರಿದ ಅಕ್ಕಿ ಗಂಜಿಯಲ್ಲಿ ಪುಡಿಯನ್ನು ಕದಡಿ ಸೇರಿಸಿ, ಉಂಡೆ ಮಾಡಿ ನೆರಳಿನಲ್ಲಿ ಒಣಗಿಸುತ್ತಿದ್ದೆ. ಹಾಲಿಗೆ ಹೆಪ್ಪು ಹಾಕುವಾಗ ಇರುವಷ್ಟೇ ಎಚ್ಚರ ಇಲ್ಲಿಯೂ ಬೇಕು. ಸುಮಾರು ಆರು ವಾರಗಳ ನಂತರ ತಟ್ಟೆಯಲ್ಲಿ ಮಿಗುವ ಆಹಾರ ಕಡಿಮೆಯಾಯಿತು, ಮೀನಿನ ಹಿಂದೆ ತೇಲುತ್ತಿದ್ದ ಬಿಳಿಯ ಮಲದ ಎಳೆಗಳು ಬಹುಮಟ್ಟಿಗೆ ಕಾಣದಾದವು. ಪುಡಿ ಹಾಕದ ಹೊಂಡದಲ್ಲಿ ಆ ಎಳೆಗಳು ಮುಂದುವರಿದವು. ಎರಡೇ ಹೊಂಡಗಳ ಅನುಭವವನ್ನು ಪ್ರಯೋಗವೆಂದು ಕರೆಯಲಾರೆ, ಆದರೆ ನನಗೆ ತೃಪ್ತಿಯಾಗಿದೆ.

ಎರಡನೆಯ ಪೊಟ್ಟಣ ಮಾತ್ರ ನಿರಾಸೆ ತಂದಿತು. ಒಳಗೆ ತೇವ ಹಿಡಿದು ಗಟ್ಟಿಯಾದ ಹೆಂಟೆಗಳಿದ್ದವು, ಅವಧಿ ಮುಗಿಯುವ ದಿನಾಂಕದ ಮೇಲೆ ಬೆಲೆಯ ಚೀಟಿ ಅಂಟಿತ್ತು. ಪ್ರತಿ ಗ್ರಾಮಿನಲ್ಲಿ ಎಷ್ಟು ಜೀವಂತ ಜೀವಾಣುಗಳಿವೆ ಎಂಬುದನ್ನು ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದರು. ಜೀವಂತ ಸರಕನ್ನು ಮಾರುವವರು ಬಿಸಿಲು ಬೀಳುವ ಕಪಾಟಿನಲ್ಲಿ ಅದನ್ನು ಇಡಬಾರದು.

ಲೇಬಲ್ಲಿನ ಮೇಲಿನ ಇನ್ನೊಂದು ಮಾತಿಗೂ ನನ್ನ ಆಕ್ಷೇಪವಿದೆ. ಸಿಗಡಿಯ ಬಿಳಿಚುಕ್ಕೆ ರೋಗವನ್ನು ಇದು ಗುಣಪಡಿಸುತ್ತದೆ ಎಂದು ಬರೆದಿದ್ದಾರೆ. ಸಿಗಡಿಯ ಕರುಳಿನಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸದಂತೆ ತಡೆಯಲು ಬ್ಯಾಸಿಲಸ್ ನೆರವಾಗಬಹುದು. ಆದರೆ ಬಿಳಿಚುಕ್ಕೆಗೆ ಕಾರಣ ವೈರಸ್, ಅದನ್ನು ವಾಸಿಮಾಡುವ ಮದ್ದು ಇಲ್ಲ. ಕುಮಟಾದಲ್ಲಿ ಸಿಗಡಿ ಸಾಕುವ ನಮ್ಮ ಭಾವ ಈ ಸಾಲನ್ನು ನಂಬಿ ನಾಲ್ಕು ಪೊಟ್ಟಣ ತರಿಸಲು ಹೊರಟಿದ್ದರು. ರೋಗವಿಲ್ಲದ ಮರಿಯನ್ನು ಪರೀಕ್ಷೆ ಮಾಡಿಸಿ ತನ್ನಿ, ಹಣ ಅದಕ್ಕೆ ಸಲ್ಲಲಿ ಎಂದು ಹೇಳಿದೆ.

ಪುಡಿಗೆ ಐದರಲ್ಲಿ ನಾಲ್ಕು ಅಂಕ, ಅಂಗಡಿಗೆ ಎರಡು. ಮೂರನೆಯ ಪೊಟ್ಟಣವನ್ನು ಬೇರೆ ಕಡೆ ಕೊಂಡೆ, ದಿನಾಂಕವನ್ನು ಓದಿದ ಮೇಲೆಯೇ ಹಣ ಕೊಟ್ಟೆ.