ಎದೆಯ ಆಪರೇಷನ್ ಆಗಿ ತಿಂಗಳುಗಳಾದರೂ ಉರಿನೋವಾ? ನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ

ಶ್ವಾಸಕೋಶದ ಆಪರೇಷನ್‌ಗೆಂದು ನನ್ನ ಪಕ್ಕೆ ಕೊಯ್ದಿದ್ದರು. ಗಾಯ ಚೆನ್ನಾಗಿಯೇ ಮಾಯಿತು. ನೋವು ಮಾತ್ರ ಹೋಗಲಿಲ್ಲ. ಕೊಯ್ದ ಗೆರೆಯ ಮೇಲೆ ಜೋಮು, ಅದರ ಕೆಳಗೆ ಉರಿ. ಅಂಗಿ ತಾಗಿದರೂ ತಡೆಯೋಕಾಗ್ತಿರಲಿಲ್ಲ. ಮಧ್ಯೆ ಮಧ್ಯೆ ಬೆನ್ನಿನಿಂದ ಎದೆಯ ಮುಂಭಾಗದವರೆಗೆ ಕರೆಂಟ್ ಹೊಡೆದ ಹಾಗೆ ಚುಳ್ ಎನ್ನುತ್ತಿತ್ತು.

ತೋರಿಸಿದಾಗಲೆಲ್ಲ ಒಂದೇ ಉತ್ತರ: "ದೊಡ್ಡ ಆಪರೇಷನ್ ಅಲ್ವಾ, ನೋವು ಇದ್ದೇ ಇರುತ್ತೆ." ಚೀಟಿಯಲ್ಲಿ ಮತ್ತದೇ ನೋವಿನ ಮಾತ್ರೆ, ಡೈಕ್ಲೋಫೆನಾಕ್. ತಿಂಗಳುಗಟ್ಟಲೆ ಅದೇ. ನೋವು ಒಂದಿಷ್ಟೂ ತಗ್ಗಲಿಲ್ಲ, ಹೊಟ್ಟೆ ಕೆಟ್ಟಿತು. ಕೊನೆಗೆ ಮಲ ಕಪ್ಪಗೆ ಹೋಗತೊಡಗಿತು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಮತ್ತೆ ಆಸ್ಪತ್ರೆ, ಮತ್ತೆ ಡ್ರಿಪ್.

ಈ ಸಲ ನೋವಿನ ತಜ್ಞರೊಬ್ಬರು ಬಂದು, ಮಾತಿಗೆ ಮೊದಲೇ ಹತ್ತಿಯ ಚೂರಿನಿಂದ ಪಕ್ಕೆ ಸವರಿದರು. ನಾನು ಹಾಸಿಗೆಯಿಂದ ಎದ್ದೇಬಿಟ್ಟೆ. "ಇದು ನರದ ನೋವು" ಎಂದರು. ಅಷ್ಟೇ ಪರೀಕ್ಷೆ! ಅದನ್ನು ಅಷ್ಟು ದಿನ ಯಾರೂ ಮಾಡಿರಲಿಲ್ಲ.

ಪಕ್ಕೆಲುಬಿನ ಕೆಳ ಅಂಚಿನಲ್ಲೇ ನರ ಹಾದುಹೋಗುತ್ತದೆ. ಎದೆ ತೆರೆಯಲು ಎಲುಬುಗಳನ್ನು ಅಗಲಿಸಿದಾಗ ಅದು ಜಜ್ಜಿಹೋಗಬಹುದು. ಸರ್ಜನ್ ಕೈತಪ್ಪು ಅಂತಲ್ಲ, ಎಷ್ಟೋ ಜನರಿಗೆ ಆಗುತ್ತದೆ. ಆದರೆ 3 ತಿಂಗಳು ದಾಟಿದ ನೋವನ್ನೂ ಗಾಯದ ನೋವು ಅಂತ ತಳ್ಳಿಹಾಕುವುದಿದೆಯಲ್ಲ, ಅದಕ್ಕೆ ನನಗೆ ಈಗಲೂ ಸಿಟ್ಟಿದೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೆಲಸ ಮಾಡುವುದು ಊತದ ನೋವಿಗೆ. ಏಟು ತಿಂದ ನರಕ್ಕೆ ಅವು ಅಷ್ಟಾಗಿ ನಾಟುವುದಿಲ್ಲ. ಅದಕ್ಕೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಥರದ ಮಾತ್ರೆಗಳೇ ಬೇರೆ. ಲಿಡೊಕೇನ್ ಪಟ್ಟಿ ಇದೆ, ನರದ ಬುಡಕ್ಕೆ ಕೊಡುವ ಇಂಜೆಕ್ಷನ್ ಇದೆ. ಅಮಿಟ್ರಿಪ್ಟಿಲಿನ್ ಖಿನ್ನತೆಯ ಮಾತ್ರೆ ಅಂತ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ, ನರದ ನೋವಿಗೆ ಕಡಿಮೆ ಡೋಸಿನಲ್ಲಿ ಕೊಡುತ್ತಾರೆ.

ಇವುಗಳಿಗೂ ತಮ್ಮದೇ ಕಾಟ ಇದೆ. ತೂಕಡಿಕೆ, ತಲೆಸುತ್ತು. ಗುಣ ಕಾಣಲು ವಾರಗಳೇ ಬೇಕು. ಹಗುರಾಯ್ತು ಅಂತ ಪ್ರಿಗ್ಯಾಬಲಿನ್ ದಿಢೀರನೆ ನಿಲ್ಲಿಸುವಂತಿಲ್ಲ, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪಸ್ವಲ್ಪ ಇಳಿಸಬೇಕು. ಜೊತೆಗೆ ಟ್ರಮಡಾಲ್‌ನಂಥ ಅಫೀಮು ಜಾತಿಯ ನೋವಿನ ಮಾತ್ರೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಶ್ವಾಸಕೋಶ ಮೊದಲೇ ಸೋತಿರುವ ನಮ್ಮಂಥವರಿಗೆ ಅಪಾಯ ಜಾಸ್ತಿ. ಏನೇನು ನುಂಗುತ್ತಿದ್ದೀರಿ ಅಂತ ಡಾಕ್ಟರಿಗೆ ಪೂರ್ತಿ ಹೇಳಿ.

ಹಾಗಂತ ಎಲ್ಲವೂ ನರದ್ದೇ ಅಂದುಕೊಳ್ಳಬೇಡಿ. ಹೊಸದಾಗಿ ಎದೆ ಹಿಂಡಿದರೆ, ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ಜ್ವರ ಬಂದರೆ, ಗಾಯ ಕೆಂಪಾದರೆ ಅದೇ ದಿನ ತೋರಿಸಿ.